ಮೇಲಿನ ಮನೆಯಾಕೆ ಮುಟ್ಟಿದ ಕಾಲು

ಅಮೆರಿಕದ ಹೇವರ್ಡಿನಲ್ಲಿ ನಮ್ಮ ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದ ಮಂಗಳೂರಿನಾಕೆ ಹಗಲು ಶೂ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಪಾದದ ಡಾಕ್ಟರಿಕೆ ಕಲಿಸುವ ಕಾಲೇಜಿಗೆ ಅರ್ಜಿ ಹಾಕಲು ಓದುತ್ತಿದ್ದರು. "ಬೇರೆ ಓದು ಸಿಗ್ಲಿಲ್ವಾ?" ಎಂದು ನಗುವವರಿಗೆ ಅವರದು ಒಂದೇ ಉತ್ತರ: "ಕಾಲನ್ನು ಕೇಳುವವರೇ ಇಲ್ಲ ಮಾರಾಯ್ರೆ." ಪ್ರವೇಶ ಪರೀಕ್ಷೆ ಮುಗಿದಿತ್ತು. ಅರ್ಜಿಯ ಜೊತೆ ಈ ಓದೇ ಯಾಕೆ ಎಂದು ಬರೆದು ಕಳಿಸಬೇಕಾದ ಒಂದು ಪುಟ ಮಾತ್ರ ವಾರಗಟ್ಟಲೆ ಖಾಲಿ ಉಳಿದಿತ್ತು.

ಆ ಬೇಸಿಗೆಯಲ್ಲಿ ಮೈಸೂರಿನಿಂದ ನಮ್ಮತ್ತೆ ಬಂದರು. ಸಕ್ಕರೆ ಕಾಯಿಲೆಯಿದ್ದರೂ ಯಾವ ಡಾಕ್ಟರಿಗೂ ಕಾಲು ತೋರಿಸಿದವರಲ್ಲ. ಅವರನ್ನು ನೋಡಲು ಬಂದ ಮೇಲಿನ ಮನೆಯಾಕೆ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದರು. ಅತ್ತೆ ಹರಸಿ ಮುಗಿಸಿದರೂ ಏಳಲಿಲ್ಲ. ಬಲಗಾಲಿನ ಮೇಲೆ ಅಂಗೈ ಇಟ್ಟುಕೊಂಡೇ ಕೇಳಿದರು, "ಅಮ್ಮ, ಈ ಕಾಲು ಮಾತ್ರ ಬಿಸಿ ಉಂಟಲ್ಲ?"

ಹೆಬ್ಬೆರಳಿನ ಅಡಿಯಲ್ಲಿ ಹುಣ್ಣಾಗಿತ್ತು. ಅತ್ತೆಗೆ ನೋವೇ ಗೊತ್ತಾಗಿರಲಿಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ಕಾಲು ಉಳಿಯಿತು.

ತಿಂಗಳ ನಂತರ ಆಕೆ ಬರೆದು ಮುಗಿಸಿದ ಪುಟ ಹಿಡಿದು ಆಶೀರ್ವಾದಕ್ಕೆಂದು ಬಂದರು. ಬಗ್ಗುವ ಮೊದಲೇ ಅತ್ತೆ ಸೋಫಾದಲ್ಲಿ ಕೂತು, ಸೀರೆಯ ನೆರಿಗೆ ತುಸು ಎತ್ತಿ, ಎರಡೂ ಕಾಲು ಮುಂದೆ ಚಾಚಿದರು.

"ನಮಸ್ಕಾರ ಆಮೇಲೆ ಮಾಡುವಂತೆ. ಮೊದ್ಲು ನೋಡಮ್ಮ."