ಹರಳೆಣ್ಣೆ ಬಿದ್ದ ಟಬ್ಬು

ಹೊಲ ಕಾರ್ಖಾನೆಗೆ ಹೋಗಿ ದುಡ್ಡು ಬಂದ ಮೇಲೆ ನಮ್ಮ ಯಜಮಾನರು ಮಾಗಡಿ ಮನೆಯ ಹಿತ್ತಲಿಗೆ ಮೋಟಾರು, ಫಿಲ್ಟರ್ ಇರುವ ಬಿಸಿನೀರಿನ ಟಬ್ಬು ತಂದಿಳಿಸಿದರು. ಕೂರುವವರು ಅವರು, ತಿಕ್ಕುವವಳು ನಾನು. ಯುಗಾದಿಗೆ ಬಂದ ಅವರಣ್ಣ ಮೈತುಂಬ ಹರಳೆಣ್ಣೆ ಬಳಿದುಕೊಂಡು ಅದರೊಳಗೆ ಇಳಿದ. ಮೇಲೆ ಸೀಗೆಪುಡಿಯನ್ನೂ ಸುರಿದುಕೊಂಡ. ಫಿಲ್ಟರ್ ಕಟ್ಟಿಕೊಂಡು ಮೋಟಾರು ನಿಂತಿತು. ನೀರು ಹಳಸಿದ ಹುಳಿಯಂತಾಯಿತು.

“ಎಣ್ಣೆ ಹೋಗ್ಲಿ ಅಂತ್ಲೇ ಸೀಗೆ ಹಾಕಿದ್ದು ಕಣವ್ವ,” ಎಂದ ಭಾವ.

“ಬುಡಣ್ಣ, ಅವ್ಳು ತೊಳೀತಾಳೆ,” ಎಂದರು ಯಜಮಾನರು.

ಇಬ್ಬರೂ ಒಬ್ಬಟ್ಟು ಮುಕ್ಕುತ್ತಾ ಕೂತರು. ನಾನು ಹಬ್ಬದ ಸೀರೆ ಎತ್ತಿ ಕಟ್ಟಿ ಸಂಜೆಯವರೆಗೆ ಜಿಡ್ಡು ಉಜ್ಜಿದೆ. ಹೊರಡುವಾಗ ಭಾವ, “ದೀಪಾವಳಿಗೂ ಬತ್ತೀನಿ, ನೀರು ಕಾಸಿಡವ್ವ,” ಎಂದ.

ಮರುದಿನವೇ ಆಳುಗಳಿಂದ ಟಬ್ಬನ್ನು ಕೊಟ್ಟಿಗೆಗೆ ಎಳೆಸಿದೆ. ನಮ್ಮ ಎಮ್ಮೆ ಅದರಲ್ಲಿ ಕಲಗಚ್ಚು ಕುಡಿದು, ತಳ ನೆಕ್ಕಿ ಚೊಕ್ಕ ಮಾಡಿಯೇ ತಲೆ ಎತ್ತುತ್ತಿತ್ತು. ನಮ್ಮ ಮನೆಯ ಗಂಡಸರು ಯಾರೂ ಅಷ್ಟು ಮಾಡಿರಲಿಲ್ಲ.