ಸ್ಟೀಲ್ ಲೋಟ ಹಿಡಿದ ಮೂರು ತಿಂಗಳು

ಚಿಕ್ಕಬಳ್ಳಾಪುರದ ಡಾಕ್ಟರ್ ‘ಇರಬಹುದು’ ಎಂದರು. ಇದನ್ನು ಮೊದಲೇ ಬರೆದಿಡುತ್ತೇನೆ. ಮನೆಯಲ್ಲಿ ಹೇಳುವಾಗ ಅವರ ಬಾಯಲ್ಲಿ ‘ಹೌದು’ ಎನ್ನಿಸಿಬಿಟ್ಟಿದ್ದೆ, ಈಗ ನೆನಪಿಸಿಕೊಂಡರೂ ಮೊದಲು ಕೇಳಿಸುವುದು ಅದೇ.

ಮದುವೆಯಾಗಿ ಆರು ವರ್ಷ ಮಕ್ಕಳಿರಲಿಲ್ಲ. ಐದು ವರ್ಷ ಹೆಂಡತಿಯನ್ನೇ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಂದು ತೋರಿಸಿಕೊಂಡು ತಿರುಗಿದೆವು. ನನ್ನನ್ನೂ ಪರೀಕ್ಷಿಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯದಂತೆ ನಾನೂ ನೋಡಿಕೊಂಡೆ. ಕೊನೆಗೊಮ್ಮೆ ಒಬ್ಬನೇ ಹೋಗಿ ಮಾಡಿಸಿದಾಗ ವೀರ್ಯಾಣುಗಳು ಕಡಿಮೆ ಎಂದು ಬಂತು. ಕಾರಣ ಕೇಳಿದೆ. ಡಾಕ್ಟರ್ ಸಿಗರೇಟು, ನಿದ್ದೆ, ತೂಕ ಎಲ್ಲ ಹೇಳಿ ಕೊನೆಗೆ ಪ್ಲಾಸ್ಟಿಕ್ಕಿಗೆ ಬಂದರು. ಕಣ್ಣಿಗೆ ಕಾಣದ ಅದರ ಕಣಗಳು ಗಂಡಸರ ವೃಷಣದಲ್ಲೂ ವೀರ್ಯದಲ್ಲೂ ಸಿಕ್ಕಿವೆಯಂತೆ. ಇಲಿಗಳಲ್ಲಿ ಹಾನಿ ಕಂಡಿದೆ, ಮನುಷ್ಯರಲ್ಲೂ ಇರಬಹುದು, ಖಚಿತವಿಲ್ಲ. ಸಿಗರೇಟು ಬಿಡಿ, ಪ್ಲಾಸ್ಟಿಕ್ಕಿನಲ್ಲಿ ಬಿಸಿ ಪದಾರ್ಥ ಬೇಡ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು.

ಹೇಳಿದ ಕಾರಣಗಳಲ್ಲಿ ನಾನು ಕೊನೆಯದಾದ ಪ್ಲಾಸ್ಟಿಕ್ಕನ್ನು ಮಾತ್ರ ಎತ್ತಿಕೊಂಡೆ. ಎಷ್ಟು ಮರ್ಯಾದಸ್ಥ ಕಾರಣ! ನನ್ನೊಬ್ಬನದಲ್ಲ, ಇಡೀ ಊರಿಗೆ ಸೇರಿದ್ದು. ಇಬ್ಬರಲ್ಲೂ ದೋಷವಿಲ್ಲವಂತೆ, ಪ್ಲಾಸ್ಟಿಕ್ ಬಿಡಬೇಕಂತೆ ಎಂದು ಮನೆಯಲ್ಲಿ ಹೇಳಿದೆ. ವರದಿಯನ್ನು ನಾನು ಪಾಠ ಮಾಡುವ ಶಾಲೆಯ ಬೀರುವಿನಲ್ಲಿಟ್ಟೆ. ಹೆಂಡತಿ ಮಕ್ಕಳಾಗಲೆಂದು ನುಂಗುತ್ತಿದ್ದ ತನ್ನ ಮಾತ್ರೆ ಮುಂದುವರಿಸಿದಳು.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ರೇಷ್ಮೆಹುಳ ಮೇಯಿಸುವ ಮನೆ. ಹುಳ ಸತ್ತಾವೆಂದು, ಸೆಂಟು ಹಾಕಿದವರನ್ನು, ಬೀಡಿ ಸೇದಿದವರನ್ನು ಅಪ್ಪ ಹುಳದ ಮನೆಯೊಳಕ್ಕೆ ಬಿಡುವುದಿಲ್ಲ. ಪಕ್ಕದ ಟೊಮೆಟೊಗೆ ಔಷಧಿ ಹೊಡೆದರೆ ಆ ಕಡೆಯ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ಅದೇ ಅಪ್ಪ ಹುಳಕ್ಕೆ ಸೊಪ್ಪು ಹಾಕಿ ಹೊರಬಂದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿ ತಂದ ಬಿಸಿ ಟೀಯನ್ನು ಎಲ್ಲರಿಗೂ ಬಗ್ಗಿಸುತ್ತಿದ್ದರು. ಬೋರ್‌ವೆಲ್ಲಿನ ಫ್ಲೋರೈಡಿಗೆ ಹೆದರಿ ಶುದ್ಧ ನೀರಿನ ಘಟಕದಿಂದ ತಂದ ನೀರು, ಪ್ಲಾಸ್ಟಿಕ್ ಕ್ಯಾನಿನಲ್ಲಿ, ಅಂಗಳದ ಬಿಸಿಲಿನಲ್ಲಿ ಕೂತಿರುತ್ತಿತ್ತು.

ನಾನು ಸಿಗರೇಟನ್ನು ಯಾರಿಗೂ ಹೇಳದೆ ಬಿಟ್ಟು, ಸ್ಟೀಲ್ ಲೋಟ ಹಿಡಿದು ಪೆರೇಸಂದ್ರದ ಶಾಲೆಗೆ ಹೊರಟೆ. ಎದುರಿನ ಟೀ ಅಂಗಡಿಯವನು ಮೊದಲ ದಿನವೇ ಲೋಟ ನೋಡಿ, “ಏಂ ಸಾರ್, ನಮ್ ಲೋಟ ಆಗಲ್ವಾ? ಮಡೀನಾ?” ಎಂದ. ನಿಜ ಹೇಳುವುದಕ್ಕಿಂತ ಜಾತಿವಾದಿ ಎನ್ನಿಸಿಕೊಳ್ಳುವುದೇ ಮೇಲು ಎಂದು ನಕ್ಕು ಲೋಟ ಚಾಚಿದೆ.

ಇತ್ತ ಹೆಂಡತಿ ಕ್ಯಾನು ಬಿಟ್ಟು, ಘಟಕದಿಂದ ಸೊಂಟದ ಮೇಲೆ ಸ್ಟೀಲ್ ಬಿಂದಿಗೆಯಲ್ಲಿ ನೀರು ಹೊರುತ್ತಿದ್ದಳು. ಮಾತ್ರೆಯಿಂದ ವಾಕರಿಕೆ ಬರುತ್ತಿತ್ತು. ಆ ದಿನಗಳಲ್ಲಿ ತಪ್ಪಿತಸ್ಥ ಭಾವನೆ ನನ್ನನ್ನು ಕಾಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೆನಪಿರುವುದು ಲೋಟ ತೊಳೆಯುವ ಬೇಸರ ಮಾತ್ರ.

ಎರಡನೇ ಸಲ ಅವಳೂ ಬಂದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಡಾಕ್ಟರ್ ತಮ್ಮ ಬಳಿಯಿದ್ದ ನನ್ನ ಹಳೆಯ ವರದಿಯ ಪಕ್ಕ ಹೊಸದನ್ನಿಟ್ಟು, ಹೋದ ಸಲಕ್ಕಿಂತ ಪರವಾಗಿಲ್ಲ, ಆದರೆ ಇನ್ನೂ ಕಡಿಮೆಯೇ ಎಂದರು. ಸ್ಟೀಲ್ ಲೋಟದಿಂದಲೋ ಎಂದು ಕೇಳಿದೆ. ಸಿಗರೇಟೂ ಬಿಟ್ಟಿದ್ದೀರಲ್ಲ, ಯಾವುದರಿಂದ ಎಂದು ಹೇಳಲಾಗದು ಎಂದರು.

ಬಸ್ ನಿಲ್ದಾಣದವರೆಗೆ ಅವಳು ಮುಂದೆ ಮುಂದೆ ನಡೆದಳು. ಅಲ್ಲಿ ನಿಂತು ಕೇಳಿದಳು:

“ಹಾಗಾದ್ರೆ ಈ ಮೂರು ತಿಂಗ್ಳು ನಾನು ನುಂಗಿದ್ದು ಯಾರ ಮಾತ್ರೆ?”

ನಾನು ಪ್ಲಾಸ್ಟಿಕ್ಕಿನ ಮಾತೆತ್ತಿದೆ.

“ಪ್ಲಾಸ್ಟಿಕ್ ಸುಳ್ಳು ಹೇಳ್ಲಿಲ್ಲವಲ್ಲ. ಮನೇಲಿ ನೀವೇ ಹೇಳ್ಬೇಕು. ಇವತ್ತೇ.”

ಸಂಜೆ ಅಪ್ಪ ಹುಳದ ಮನೆಯ ಬಾಗಿಲಲ್ಲಿ ಕೈ ತೊಳೆಯುತ್ತಿದ್ದರು. ಅವಳು ನನ್ನ ಹಿಂದೆ ನಿಂತಿದ್ದಳು. ಕಡಿಮೆ ಇರುವುದು ನನ್ನಲ್ಲಿ, ಮೊದಲೇ ಗೊತ್ತಿತ್ತು ಎಂದೆ. ಅಪ್ಪ ಸೊಸೆಯ ಕಡೆ ನೋಡಿದರು. ನೋಡಿದರೆಂದೇ ನನ್ನ ನೆನಪು, ಅವಳು ಇಲ್ಲ ಎನ್ನುತ್ತಾಳೆ. ಆಮೇಲೆ ಹೇಳಿದ್ದು ಇಬ್ಬರಿಗೂ ನೆನಪಿದೆ: “ಹುಳ ಒಂದೇ ಸೂಕ್ಷ್ಮ ಅಂದ್ಕೊಂಡಿದ್ದೆ ಕಣಪ್ಪ.”

ಅವಳು ಮಾತ್ರೆ ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಬಿಂದಿಗೆ ನನ್ನ ಚಪ್ಪಲಿಯ ಪಕ್ಕದಲ್ಲಿತ್ತು. ಈಗ ಘಟಕದ ಸಾಲಿನಲ್ಲಿ, ಕ್ಯಾನುಗಳ ನಡುವೆ, ಬಿಂದಿಗೆ ಹಿಡಿದು ನಿಲ್ಲುವವನು ನಾನು. ಯಾಕೆ ಎಂದು ಕೇಳುತ್ತಾರೆ. ಇರಬಹುದು ಎಂಬುದನ್ನೂ ಸೇರಿಸಿ ಪೂರ್ತಿ ಹೇಳುತ್ತೇನೆ. ಅರ್ಧದಲ್ಲೇ ಅವರು ತಮ್ಮ ಕ್ಯಾನು ಮುಂದೆ ಸರಿಸುತ್ತಾರೆ. ಮಗು ಇನ್ನೂ ಆಗಿಲ್ಲ.