ಅಕ್ಕ ಒತ್ತಿದ ಜಾಹೀರಾತು

ನನಗೆ ಆಟ ಆಡಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಕುಂಟಾಟಕ್ಕೆ ನಿಂತರೆ ಮೊದಲು ಔಟಾಗುತ್ತಿದ್ದವಳು ನಾನೇ. ಪಗಡೆಗೆ ಕೂತರೆ ನನ್ನ ಕಾಯಿಗಳು ಮನೆ ಸೇರುವ ಹೊತ್ತಿಗೆ ಉಳಿದವರೆಲ್ಲ ಊಟಕ್ಕೆ ಎದ್ದುಹೋಗಿರುತ್ತಿದ್ದರು. ಇಂಥವಳು ಈ ವಯಸ್ಸಿನಲ್ಲಿ ಒಂದು ಮೊಬೈಲ್ ಆಟವನ್ನೇ ಬರೆದು ಜಗತ್ತಿಗೆ ಬಿಟ್ಟಿದ್ದೇನೆ. ನನ್ನ ಆಟದಲ್ಲಿ ಈಗಲೂ ನಾನೇ ಸೋಲುತ್ತೇನೆ. ಅದರಿಂದ ನನಗೇನೂ ಬೇಸರವಿಲ್ಲ. ಅಡುಗೆ ಮಾಡಿದವರೇ ಎಲ್ಲರಿಗಿಂತ ಹೆಚ್ಚು ಉಣ್ಣಬೇಕೆಂದು ಯಾರೂ ಹೇಳಿಲ್ಲವಲ್ಲ.

ಕಲಬುರಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವುದು ನನ್ನ ಕೆಲಸ. ನಾನು ಬರೆದ ಪ್ರೋಗ್ರಾಮುಗಳೆಲ್ಲ ಕಪ್ಪುಹಲಗೆಯ ಮೇಲೆ ಹುಟ್ಟಿ ಡಸ್ಟರಿನ ಕೆಳಗೆ ಪ್ರಾಣ ಬಿಟ್ಟಂಥವು. ಒಂದಾದರೂ ಹಲಗೆಯಿಂದ ಇಳಿದು ಜನರ ಕೈಗೆ ಹೋಗಲಿ ಎಂಬ ಆಸೆ ಬಹಳ ದಿನದಿಂದ ಇತ್ತು. ಏನು ಬರೆಯುವುದೆಂದು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ನನ್ನ ಅಕ್ಕ ಮಾದೇವಿಯನ್ನು ಕೊಟ್ಟಿರುವುದು ಕಮಲಾಪುರಕ್ಕೆ. ಅಲ್ಲಿಯ ಕೆಂಪು ಬಾಳೆ ತಿಂದವರು ಅದರ ರುಚಿಯನ್ನು ಹೊಗಳುತ್ತಾರೆ, ತಿನ್ನದವರು ಅದರ ಬೆಲೆಯನ್ನು ಬೈಯುತ್ತಾರೆ. ಹಾಗಾಗಿ ನನ್ನ ಆಟದಲ್ಲಿ ಮೇಲಿನಿಂದ ಬಾಳೆಹಣ್ಣುಗಳು ಬೀಳುತ್ತವೆ, ಕೆಳಗೆ ಒಂದು ಬುಟ್ಟಿ. ಹೆಬ್ಬೆರಳಿನಿಂದ ಬುಟ್ಟಿಯನ್ನು ಅತ್ತಿತ್ತ ಸರಿಸಿ ಕೆಂಪು ಹಣ್ಣು ಹಿಡಿಯಬೇಕು, ಹಳದಿ ಹಣ್ಣು ಬುಟ್ಟಿಗೆ ಬಿದ್ದರೆ ಆಟ ಮುಗಿಯಿತು. ಇಷ್ಟೇ.

ಚಿತ್ರ ಬಿಡಿಸಿಕೊಟ್ಟವಳು ನಸ್ರೀನ್. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಈಗ ಇಲ್ಲೇ ಮೋಮಿನಪುರದಲ್ಲಿ ಮದುಮಕ್ಕಳ ಕೈಗೆ ಮೆಹೆಂದಿ ಹಾಕುವುದರಲ್ಲಿ ಅವಳದು ದೊಡ್ಡ ಹೆಸರು. ಕೆಲಸ ಶುರು ಮಾಡುವ ಮೊದಲೇ ನನ್ನನ್ನು ಕೂಡಿಸಿಕೊಂಡು ಕೇಳಿದಳು: "ಮೇಡಂ, ಕೆಂಪಂದ್ರ ಯಾವ ಕೆಂಪ್ರೀ? ಮೆಹೆಂದಿ ಕೆಂಪೋ, ಟಮಾಟಿ ಕೆಂಪೋ?" ನನಗೆ ಕೆಂಪೆಂದರೆ ಕೆಂಪು, ಅಷ್ಟೇ ಗೊತ್ತು. "ನಿನಗ ಛಂದ ಕಂಡಿದ್ದು ಹಾಕು" ಎಂದೆ. ಗಳಿಕೆ ಬಂದರೆ ಇಬ್ಬರಿಗೂ ಸಮಪಾಲು ಎಂದೂ ಮಾತಾಯಿತು.

ಗಳಿಕೆ ಎಲ್ಲಿಂದ? ಆಟ ಪುಕ್ಕಟೆ. ನಮ್ಮ ಕಡೆ ಮೊಬೈಲ್ ಆಟಕ್ಕೆ ದುಡ್ಡು ಕೊಡಿ ಎಂದರೆ ಜನ ನಮ್ಮ ಮುಖ ನೋಡಿ ಆರೋಗ್ಯ ವಿಚಾರಿಸುತ್ತಾರೆ. ಇಂಥ ಆಟಗಳ ಹೊಟ್ಟೆ ತುಂಬಿಸುವುದು ಜಾಹೀರಾತು. ಕಲಬುರಗಿಯ ಕೋಟನೂರಿನಲ್ಲಿ ನಮ್ಮ ಮನೆಯ ರಸ್ತೆಬದಿಯ ಗೋಡೆಯ ಮೇಲೆ ಒಂದು ಸಿಮೆಂಟ್ ಕಂಪನಿಯವರು ತಮ್ಮ ಹೆಸರು ಬರೆಸಿದ್ದಾರೆ. ಬದಲಿಗೆ ಗೋಡೆಗೆ ಸುಣ್ಣಬಣ್ಣ ಅವರದೇ. ಮೊಬೈಲಿನಲ್ಲೂ ಹೆಚ್ಚುಕಡಿಮೆ ಇದೇ ವ್ಯವಹಾರ. ನಾವು ಆಟದಲ್ಲಿ ಒಂದಿಷ್ಟು ಜಾಗ ಬಿಡಬೇಕು. ನಡುವೆ ಒಂದು ಜಾಹೀರಾತು ಕಂಪನಿ ಇರುತ್ತದೆ, ಅದು ಆ ಜಾಗದಲ್ಲಿ ಇವತ್ತು ಸಾಬೂನು, ನಾಳೆ ಟ್ರ್ಯಾಕ್ಟರ್ ತಂದು ನಿಲ್ಲಿಸುತ್ತದೆ. ಜನ ನೋಡಿದರೆ ಚೂರು ಕಾಸು, ಬೆರಳಿಟ್ಟು ಒತ್ತಿದರೆ ಇನ್ನೊಂದು ಚೂರು ಹೆಚ್ಚು.

ಜಾಹೀರಾತು ಎಂಬ ಶಬ್ದ ನನಗೆ ಬಹಳ ಇಷ್ಟ. ಅರಬ್ಬೀ ನೆಲದಿಂದ ಹೊರಟು ಉರ್ದು, ಮರಾಠಿಗಳ ಮನೆಯಲ್ಲಿ ಉಳಿದು ನಮ್ಮಲ್ಲಿಗೆ ಬಂದು ನೆಲೆಸಿದ ಶಬ್ದ ಅದು. ನಸ್ರೀನಳ ಮನೆಯಲ್ಲಿ ಜಾಹಿರ್ ಎಂದರೆ ಮುಚ್ಚುಮರೆಯಿಲ್ಲದೆ ಎಲ್ಲರಿಗೂ ಕಾಣುವಂಥದ್ದು. ಹಿಂದೆ ಡಂಗುರ ಸಾರುವವನು ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಕೇಳುವವರು ಕೇಳುತ್ತಿದ್ದರು, ಉಳಿದವರು ರೊಟ್ಟಿ ಬಡಿಯುತ್ತಿದ್ದರು. ಅವನು ಯಾರ ಅಡುಗೆಮನೆಗೂ ನುಗ್ಗಿ ರೊಟ್ಟಿಗೂ ಬಾಯಿಗೂ ನಡುವೆ ಡಂಗುರ ಹಿಡಿಯುತ್ತಿರಲಿಲ್ಲ. ಈಗಿನ ಮೊಬೈಲ್ ಜಾಹೀರಾತು ಆ ಮರ್ಯಾದೆಯನ್ನು ಮರೆತಿದೆ. ನಾನೂ ಮೊದಲು ಮರೆತಿದ್ದೆ ಎಂಬುದು ಆಮೇಲೆ ತಿಳಿಯಿತು.

ಆಟ ಹೊರಬಂತು. ಅಕ್ಕನಿಗೆ ಫೋನ್ ಮಾಡಿ, ಹೇಗೆ ಇಳಿಸಿಕೊಳ್ಳಬೇಕು, ಹೇಗೆ ಆಡಬೇಕು ಎಂದೆಲ್ಲ ಹೇಳಿದೆ. ಜಾಹೀರಾತಿನ ವಿಷಯವನ್ನೂ ಹೆಮ್ಮೆಯಿಂದ ವಿವರಿಸಿದೆ. ಮೊದಮೊದಲು ಬಂದ ಗಳಿಕೆ ನಾನೂ ನಸ್ರೀನೂ ಮಿರ್ಚಿಭಜಿ ತಿನ್ನುವಷ್ಟು. ಆಮೇಲೆ ಒಮ್ಮೆಲೇ ಏರತೊಡಗಿತು. ನಾನು ಸ್ಟಾಫ್ ರೂಮಿನಲ್ಲಿ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂಡಲು ಶುರು ಮಾಡಿದೆ. ಸಹೋದ್ಯೋಗಿಗಳು ಕೇಳದಿದ್ದರೂ ಜನರ ಅಭಿರುಚಿಯ ಬಗ್ಗೆ ಅಭಿಪ್ರಾಯ ಕೊಟ್ಟೆ.

ಅಷ್ಟರಲ್ಲಿ ಜಾಹೀರಾತು ಕಂಪನಿಯಿಂದ ಸಂದೇಶ ಬಂತು. ನಿಮ್ಮ ಆಟದಲ್ಲಿ ಜನ ಜಾಹೀರಾತು ಒತ್ತುತ್ತಿರುವ ರೀತಿ ಸಹಜವಾಗಿಲ್ಲ, ಆದ್ದರಿಂದ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ ಎಂದಿತ್ತು. ಸಮಾಧಾನಕರ ಉತ್ತರ ಕೊಡದಿದ್ದರೆ ಖಾತೆ ಶಾಶ್ವತವಾಗಿ ಮುಚ್ಚುತ್ತದೆ, ಮತ್ತೆಂದೂ ನಿಮ್ಮ ಹೆಸರಿಗೆ ಖಾತೆ ಸಿಗುವುದಿಲ್ಲ ಎಂದೂ ಇತ್ತು. ಶುದ್ಧ ಕನ್ನಡದಲ್ಲಿ ಹೇಳುವುದಾದರೆ, ನನ್ನನ್ನು ಕಳ್ಳಿ ಎಂದಿದ್ದರು. ಆ ಸಂಜೆ ನಸ್ರೀನ್ ಬಂದಳು. ಯಾವ ಊರಿನವರು ಯಾವ ಹೊತ್ತಿಗೆ ಆಡುತ್ತಾರೆಂದು ತೋರಿಸುವ ಒಂದು ಪುಟ ಇರುತ್ತದೆ. ಇಬ್ಬರೂ ಅದನ್ನು ತೆರೆದು ನೋಡಿದೆವು. ಜಾಹೀರಾತು ಒತ್ತಿದವರೆಲ್ಲ ಬಹುಮಟ್ಟಿಗೆ ಒಂದೇ ಊರಿನವರು. ಊರು ಕಮಲಾಪುರ, ಹೊತ್ತು ಮಧ್ಯಾಹ್ನ ಊಟವಾದ ಮೇಲೆ.

ಅಕ್ಕನಿಗೆ ಫೋನ್ ಹಚ್ಚಿ, ಜಾಹೀರಾತು ಒತ್ತುತ್ತಿರುವವರು ನೀವೇ ಏನು ಎಂದು ಕೇಳಿದೆ.

"ಮತ್ತ!" ಎಂದಳು ಅಕ್ಕ, ಸಂಭ್ರಮದಿಂದ. "ನಮ್ಮ ಸಂಘದ ಹೆಣ್ಮಕ್ಕಳಿಗೆಲ್ಲಾ ಹೇಳೀನಿ. ಊಟ ಆದ ಕೂಡ್ಲೆ ಎಲ್ಲಾರೂ ನಮ್ಮ ಕಟ್ಟಿ ಮ್ಯಾಲ ಕೂಡ್ತಾರ. ಆಟ ಯಾರಿಗೆ ಬರ್ತದ ಬಿಡು, ಜಾಹೀರಾತು ಮಾತ್ರ ಒಂದೂ ಬಿಡದಂಗ ಒತ್ತಲಕತ್ತೀವಿ."

"ಒತ್ತರಿ ಅಂತ ನಾ ಯಾವಾಗ ಹೇಳ್ದೆ ಅಕ್ಕಾ?"

"ಅದರಿಂದ ನಿನಗ ನಾಕು ರೊಕ್ಕ ಬರ್ತಾವ ಅಂತ ಹೇಳಿದ್ದಿಲ್ಲೇನು? ಅಷ್ಟು ಹೇಳಿದ್ರ ಸಾಕು, ಉಳಿದಿದ್ದು ನಮಗ ತಿಳೀತದ."

ಇದನ್ನು ಫೋನಿನಲ್ಲಿ ಬಗೆಹರಿಸಲು ಸಾಧ್ಯವಿರಲಿಲ್ಲ. ಭಾನುವಾರ ನಸ್ರೀನಳನ್ನು ಕರೆದುಕೊಂಡು ಹುಮನಾಬಾದ ಕಡೆಯ ಬಸ್ಸು ಹತ್ತಿದೆ. ಮಹಾಗಾಂವ ಕ್ರಾಸ್ ದಾಟುವವರೆಗೂ ಅಕ್ಕನಿಗೆ ನೋವಾಗದಂತೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತ ಕೂತಿದ್ದೆ.

ನಾವು ಹೋದಾಗ ಕಟ್ಟೆ ತುಂಬಿತ್ತು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲಿನಲ್ಲೂ ನನ್ನ ಬಾಳೆಹಣ್ಣು. "ಬಂದ್ಲು ನೋಡ್ರಿ ನಮ್ಮ ತಂಗಿ" ಎಂದು ಅಕ್ಕ ಜಾಗ ಮಾಡಿಕೊಟ್ಟಳು. ಕಾಶಿಬಾಯಿ ಎಂಬ ಹೆಂಗಸು ಎಲ್ಲರಿಗಿಂತ ಮುಂದೆ ಬಂದು ವರದಿ ಒಪ್ಪಿಸಿದಳು: "ನಾ ಸಾಬಾಣದ್ದೂ ಒತ್ತೀನ್ರಿ, ಕಾರಿಂದೂ ಒತ್ತೀನ್ರಿ. ಕಾರಿನವರು ನಂಬರ್ ಕೇಳಿದ್ರು, ಹಾಕಿದೆ. ಈಗ ಕಾರು ನೋಡ್ಲಾಕ ಎಂದ್ ಬರ್ತೀರಿ ಅಂತ ದಿನಾ ಫೋನ್ ಮಾಡ್ಲಕತ್ತಾರ್ರೀ."

ನಾನು ಶುರು ಮಾಡಿದೆ. ಜಾಹೀರಾತು ಕೊಡುವವರು, ಹಂಚುವವರು, ತೋರಿಸುವವರು, ಈ ಮೂವರ ಸಂಬಂಧವನ್ನು ಪಾಠದಂತೆ ವಿವರಿಸಿದೆ. ಕಟ್ಟೆಯ ಮೇಲೆ, ಸೋಮವಾರ ಬೆಳಗಿನ ಮೊದಲ ಪಿರಿಯಡ್ಡಿನಲ್ಲಿ ನನ್ನ ಎದುರಿಗೆ ಇರುವಂಥದೇ ಮುಖಗಳು ಕಂಡವು. ಕೊನೆಗೆ ಪಾಠ ಬಿಟ್ಟು ನೇರವಾಗಿ ಹೇಳಿದೆ: "ನಮಗ ಕಾರು ಬ್ಯಾಡಾಗಿದ್ರೂ ಕಾರಿಂದು ಒತ್ತಿದ್ರ, ಆ ಕಾರಿನವರ ರೊಕ್ಕ ಸುಮ್ನೆ ಹಾಳಾಗ್ತದ. ನಾನೇ ಮಂದಿ ಕೂಡಿಸಿ ಒತ್ತಸ್ಲಕತ್ತೀನಿ, ಮೋಸ ಮಾಡ್ಲಕತ್ತೀನಿ ಅಂತ ಕಂಪನಿಯವರು ತಿಳ್ಕೊಂಡಾರ. ಖಾತೆ ಬಂದ್ ಮಾಡ್ಯಾರ."

ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳಲ್ಲಿ ಮೋಸ ಎಂಬ ಮಾತು ಇರಲಿಲ್ಲ. ಅದು ಹೇಗೋ ಬಾಯಿಗೆ ಬಂದುಬಿಟ್ಟಿತು.

"ಮೋಸ?" ಎಂದಳು ಅಕ್ಕ. ಹೆಂಗಸರು ಒಬ್ಬೊಬ್ಬರಾಗಿ ಮೊಬೈಲನ್ನು ಸೆರಗಿನೊಳಗೆ ಇಟ್ಟುಕೊಂಡರು. ಅಕ್ಕ ಎದ್ದು ಒಳಗೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ಒಲೆಯ ಮುಂದೆ ನಿಂತು ಚಹಾಕ್ಕೆ ನೀರಿಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಅಂದ್ರ ನಿಂದು ನಾನೇ ಕೆಡಿಸಿದಂಗಾತು."

"ಹಂಗಲ್ಲ ಅಕ್ಕಾ."

"ಮತ್ತ ಹೆಂಗ? ನೀ ಎಂದಾದ್ರೂ ನನಗ ಏನರೆ ಕೇಳೀಯೇನು? ಕಲಬುರಗಿಯೊಳಗ ಎಲ್ಲಾ ಸಿಗ್ತದ ನಿನಗ. ಒಂದು ಗೊನಿ ಕಳಿಸಿದ್ರ, ಇಷ್ಟ್ಯಾಕ ಕಳಿಸಿದಿ, ಯಾರು ತಿಂತಾರ ಅಂತಿ. ನನ್ನ ಕಡಿಂದಲೂ ನಿನಗೊಂದು ಕೆಲಸ ಆಗ್ತದಲ್ಲಾ ಅಂತ ಭಾಳ ಖುಷಿ ಆಗಿತ್ತು."

ಆ ಕಂಪನಿಯ ಯಂತ್ರಕ್ಕೆ ಕ್ಲಿಕ್ಕಿನ ಹಿಂದಿನ ಲೆಕ್ಕವೆಲ್ಲ ತಿಳಿಯುತ್ತದೆ. ಬೇಡದ ಕಾರಿನ ಜಾಹೀರಾತನ್ನು ಒಬ್ಬ ಹೆಂಗಸು ತಂಗಿಗೋಸ್ಕರ ದಿನವೂ ಒತ್ತುತ್ತಾಳೆ ಎಂಬುದು ಮಾತ್ರ ಅದಕ್ಕೆ ಸಹಜವಾಗಿ ಕಾಣುವುದಿಲ್ಲ. ಕುದಿಯುವ ನೀರಿನ ಮುಂದೆ ನಿಂತಿದ್ದ ಅಕ್ಕನನ್ನು ನೋಡುತ್ತಿದ್ದಾಗ, ಇಷ್ಟು ದಿನದಲ್ಲಿ ಅವಳಿಂದ ಒಂದು ಮಾತು ಮಾತ್ರ ಕೇಳಿಲ್ಲ ಎಂಬುದು ಹೊಳೆಯಿತು.

"ಆಟ ಹೆಂಗದ ಅಂತ ನೀ ಇನ್ನೂ ಹೇಳೇ ಇಲ್ಲ."

"ಹೇಳಿದ್ರ ಸಿಟ್ಟಾಗ್ತಿ."

"ಆಗಂಗಿಲ್ಲ. ನನಗ ಬೇಕಾಗ್ಯಾದ, ಅದಕ್ಕೇ ಕೇಳ್ಲಕತ್ತೀನಿ."

ಅಕ್ಕ ಈಗ ತಿರುಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಚಿಕ್ಕವಳಿದ್ದಾಗ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುವ ಮುಂಚೆ ಹೀಗೇ ನಿಲ್ಲುತ್ತಿದ್ದಳು.

"ಮೊದಲನೇದ್ದು, ಹಣ್ಣಿನ ಬಣ್ಣ. ಅದು ಬಾಳಿಹಣ್ಣಲ್ಲ, ಗಜ್ಜರಿ. ಎರಡನೇದ್ದು, ಹಳದಿ ಹಣ್ಣು ಹಿಡದ್ರ ಯಾಕ ಸೋಲಬೇಕು? ಅದೂ ಹೊಟ್ಟಿಗೇ ಹೋಗೋದಲ್ಲ? ತಪ್ಪಿಸಿಕೊಳ್ಳೋದು ಮಂಗ್ಯಾನಿಂದ. ಮಂಗ್ಯಾ ಇಲ್ಲದ ಬಾಳಿತೋಟ ಎಲ್ಲಿ ನೋಡಿದಿ ನೀ? ಮತ್ತ ಆ ಜಾಹೀರಾತು ಸೀದಾ ಬುಟ್ಟಿ ಬುಡಕ ಕೂತದ. ಬುಟ್ಟಿ ಸರಸ್ಲಾಕ ಹೋದ್ರ ಬಟ್ಟು ಅದಕ್ಕೇ ಬಡೀತದ. ನಾವು ಒತ್ತಿದ್ದು ಅರ್ಧ, ಅದಾಗೇ ಒತ್ತಿದ್ದು ಅರ್ಧ."

ಬಾಗಿಲಲ್ಲಿ ನಿಂತಿದ್ದ ನಸ್ರೀನ್, "ಸಹೀ ಹೇಳ್ಲಕತ್ತಾರ ಮೇಡಂ. ಗಜ್ಜರಿ ಅನ್ನೋದೂ ಸಹೀ" ಎಂದಳು.

"ಇನ್ನೊಂದದ" ಎಂದಳು ಅಕ್ಕ, ದನಿ ತಗ್ಗಿಸಿ. "ಇಸ್ಪೀಟ್ ಆಡ್ರಿ, ರೊಕ್ಕ ಗೆಲ್ರಿ ಅಂತ ಒಂದು ಬರ್ತದ ನೋಡು, ಅದನ್ನ ಕಿತ್ತಿ ಒಗಿ. ನಾ ಒತ್ತಂದೆ ಅಂತ ಒತ್ತಿ, ನಮ್ಮ ಸಂಘದಾಕಿ ಒಬ್ಬಾಕಿ ಅದರೊಳಗ ರೊಕ್ಕ ಹಾಕ್ಲಾಕ ಕೂತಿದ್ಲು. ನಾ ಫೋನ್ ಕಸಕೊಂಡೆ."

ಅಲ್ಲಿಯವರೆಗೆ ನಾನು ಖಾತೆ ತಡೆಹಿಡಿದಿದ್ದರಿಂದ ನನಗಾದ ಅವಮಾನವನ್ನಷ್ಟೇ ಯೋಚಿಸುತ್ತಿದ್ದೆ. ನನ್ನ ಬಾಳೆಹಣ್ಣಿನ ಕೆಳಗೆ ಜೂಜಿನ ಬಾಗಿಲು ತೆರೆದಿತ್ತು, ಆ ಬಾಗಿಲಿಗೆ ಜನರನ್ನು ಕಳಿಸಿದ್ದು ನನ್ನ ಅಕ್ಕನ ಪ್ರೀತಿ ಎಂಬುದು ಹೊಳೆದಾಗ, ಕಂಪನಿಯ ಮೇಲಿನ ಸಿಟ್ಟು ಇಳಿಯಿತು. ಮೂವರೂ ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ಚಹಾ ಕುಡಿದೆವು. ಅಕ್ಕ ತೋಟದ ಒಂದು ಹಣ್ಣು ತಂದು ನಸ್ರೀನಳ ಕೈಗಿಟ್ಟು, "ಇದು ಕೆಂಪು" ಎಂದಳು. ನಸ್ರೀನ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಬಣ್ಣ ಮನಸ್ಸಿಗೆ ಹತ್ತಿದ ಮೇಲೆ ಸುಲಿದು ತಿಂದಳು.

ಮರಳಿ ಬಂದು ಕಂಪನಿಗೆ ಉತ್ತರ ಬರೆದೆ. ಕಾನೂನಿನ ಭಾಷೆ ಬಳಸಲಿಲ್ಲ. ಒತ್ತಿದವರು ನನ್ನ ಅಕ್ಕ ಮತ್ತು ಅವಳ ಗೆಳತಿಯರು, ಪ್ರೀತಿಯಿಂದ ಒತ್ತಿದರು, ನಾನೇ ಊರಿಗೆ ಹೋಗಿ ಒತ್ತಬೇಡಿರೆಂದು ಕೇಳಿಕೊಂಡು ಬಂದಿದ್ದೇನೆ, ಜಾಹೀರಾತಿನ ಜಾಗವನ್ನೂ ಬದಲಿಸುತ್ತಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ತಿಳಿಸಿದೆ. ಉತ್ತರ ಬರುವವರೆಗೆ ಕೈಕಟ್ಟಿ ಕೂಡಲಿಲ್ಲ. ಬಾಳೆಗೆ ಬಣ್ಣ ಬಂತು. ಹಳದಿ ಹಣ್ಣಿಗೆ ಕ್ಷಮೆ ಸಿಕ್ಕಿತು. ನಸ್ರೀನ್ ಬಿಡಿಸಿದ ಮಂಗ ಎಷ್ಟು ತುಂಟನಾದನೆಂದರೆ, ಅವನಿಂದ ಸೋಲುವುದೇ ಚೆಂದವೆಂದು ಜನ ಹೇಳತೊಡಗಿದರು. ಜೂಜಿನ ಜಾಹೀರಾತಿಗೆ ಬೀಗ ಹಾಕಿದೆ. ಹೆಚ್ಚು ಕಾಸು ಕೊಡುವವರು ಅವರೇ ಎಂದು ಬಲ್ಲವರು ಎಚ್ಚರಿಸಿದರು. ಇರಬಹುದು, ಆದರೆ ನನ್ನ ಗೋಡೆಯ ಮೇಲೆ ಏನು ಬರೆಯಬೇಕೆಂದು ಹೇಳುವವಳು ನಾನು. ಉಳಿದ ಜಾಹೀರಾತುಗಳು ಆಟದ ನಡುವೆ ಬರಕೂಡದು, ಬೆರಳಿನ ದಾರಿಯಲ್ಲಿ ಕೂರಕೂಡದು. ಸೋತವರಿಗೆ, ಇನ್ನೊಂದು ಬುಟ್ಟಿ ಬೇಕಿದ್ದರೆ ಒಂದು ಜಾಹೀರಾತು ನೋಡುವಿರಾ ಎಂದು ಕೇಳುತ್ತೇವೆ. ಬೇಡವೆಂದರೆ ಬೇಡ. ಕೇಳಿ ತೋರಿಸಿದರೆ ಜನ ನೋಡುತ್ತಾರೆ. ಡಂಗುರದವನ ಮರ್ಯಾದೆ ಇಂದಿಗೂ ಲಾಭದ್ದೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಖಾತೆ ಮತ್ತೆ ತೆರೆಯಿತು. ಈ ಸಲ ಗಳಿಕೆ ನಿಧಾನವಾಗಿ, ಬೇರೆ ಬೇರೆ ಊರುಗಳಿಂದ ಬಂತು. ನಸ್ರೀನ್ ತನ್ನ ಪಾಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ಚಿತ್ರ ಬಿಡಿಸುವ ಹಲಗೆ ಕೊಂಡಳು. ನಾನು ಸ್ಟಾಫ್ ರೂಮಿನಲ್ಲಿ ಮತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

ಈಚೆಗೆ ಕಮಲಾಪುರಕ್ಕೆ ಹೋದಾಗ ಕಟ್ಟೆಯ ಮೇಲೆ ಕಾಶಿಬಾಯಿ ಆಡುತ್ತ ಕೂತಿದ್ದಳು. ಮಂಗ ಅವಳನ್ನು ಸೋಲಿಸಿದ. ಇನ್ನೊಂದು ಬುಟ್ಟಿಗಾಗಿ ಅವಳು ಜಾಹೀರಾತಿಗೆ ಒಪ್ಪಿದಳು. ಪರದೆಯ ತುಂಬ ಒಂದು ಇಳಕಲ್ ಸೀರೆ ಹರಡಿಕೊಂಡಿತು. ಅವಳ ಕಣ್ಣು ಅರಳಿತು, ಬೆರಳು ಮುಂದೆ ಹೋಯಿತು, ಬೆಚ್ಚಿ ಹಿಂದೆ ಬಂತು.

"ಒತ್ತಂಗಿಲ್ರಿ ನಾ" ಎಂದಳು ನನ್ನನ್ನು ನೋಡಿ. "ನಿಮಗ ತ್ರಾಸ ಆಗ್ತದ."

"ಖರೇನೇ ಬೇಕಾಗಿದ್ರ ಒತ್ತರಿ ಕಾಶಿಬಾಯಿ, ಅದಕ್ಕೇನೂ ಅಡ್ಡಿ ಇಲ್ಲ."

"ಖರೇನೇ ಬೇಕಾಗಿದ್ರ?"

"ಹೌದು."

ಕಾಶಿಬಾಯಿ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಯೋಚನೆಗೆ ಬಿದ್ದಳು. ತನಗೆ ಆ ಸೀರೆ ನಿಜವಾಗಿ ಬೇಕೇ ಎಂದು ಅವಳಷ್ಟು ಪ್ರಾಮಾಣಿಕವಾಗಿ ಯೋಚಿಸಿದವರನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಸೆರಗು ನೋಡಿದಳು, ದಡಿ ನೋಡಿದಳು, ಮನೆಯೊಳಗಿನ ಟ್ರಂಕನ್ನು ಮನಸ್ಸಿನಲ್ಲೇ ತೆಗೆದು ಮುಚ್ಚಿದಳೆಂದು ಕಾಣುತ್ತದೆ. ಅಷ್ಟರಲ್ಲಿ ಜಾಹೀರಾತಿನ ಹೊತ್ತು ಮುಗಿದು ಸೀರೆ ತಾನೇ ಮಡಚಿಕೊಂಡು ಹೊರಟುಹೋಯಿತು.

"ಹೋತು ಬಿಡ್ರಿ" ಎಂದಳು ಕಾಶಿಬಾಯಿ, ಯಾವ ದುಃಖವೂ ಇಲ್ಲದೆ, ಮತ್ತು ಹೊಸ ಬುಟ್ಟಿ ಹಿಡಿದು ಮಂಗನ ಮೇಲೆ ಸೇಡು ತೀರಿಸಿಕೊಳ್ಳಲು ಕೂತಳು.